ಸುಡುವುದಕ್ಕಾಗಿ ಕಟ್ಟುವ ಊರು

ಸ್ಪೇನ್ ದೇಶದ ಆಗ್ನೇಯ ತೀರದಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಮುಖಮಾಡಿ ಆಲಿಕಾಂತೆ ಎಂಬ ನಗರವಿದೆ. ಪ್ರತಿವರ್ಷ ಜೂನ್ ತಿಂಗಳ 20ರಿಂದ 24ರವರೆಗೆ ಅಲ್ಲಿ ಬೆಂಕಿಯ ಹಬ್ಬ ನಡೆಯುತ್ತದೆ. ಹಬ್ಬಕ್ಕೆ ಎರಡು ಹೆಸರುಗಳು. ಆ ಪ್ರಾಂತದ ವಲೆನ್ಸಿಯನ್ ಭಾಷೆಯಲ್ಲಿ ‘ಫೊಗೆರೆಸ್’, ಸ್ಪ್ಯಾನಿಷ್ ಭಾಷೆಯಲ್ಲಿ ‘ಒಗೆರಾಸ್’. ಎರಡಕ್ಕೂ ಅರ್ಥ ಒಂದೇ: ಬಯಲಿನಲ್ಲಿ ಒಟ್ಟಿ ಹೊತ್ತಿಸಿದ ಬೆಂಕಿಗಳು. ಎರಡರ ಮೂಲವೂ ಒಂದೇ; ಲ್ಯಾಟಿನ್ನಿನಲ್ಲಿ ಒಲೆಗೆ ಇದ್ದ ‘ಫೋಕುಸ್’ ಎಂಬ ಮಾತು. ಲ್ಯಾಟಿನ್ನಿನ ಪದಾದಿಯ ಫಕಾರ ಸ್ಪ್ಯಾನಿಷ್‌ಗೆ ಬರುವಾಗ ಹಕಾರವಾಯಿತು. ಇಂದು ಆ ಹಕಾರ ಬರವಣಿಗೆಯಲ್ಲಷ್ಟೇ ಉಳಿದು ನಾಲಗೆಯಿಂದ ಜಾರಿಹೋಗಿದೆ. ‘ಪಾಲ್’ ಹಾಲಾದದ್ದನ್ನೂ, ಆ ಹಾಲು ನಮ್ಮ ಎಷ್ಟೋ ಹಳ್ಳಿಗಳಲ್ಲಿ ‘ಆಲು’ ಆದದ್ದನ್ನೂ ಬಲ್ಲ ಕನ್ನಡಿಗನಿಗೆ ಇದು ಪರಿಚಿತವಾದ ದಾರಿಯೇ. ನಮ್ಮ ‘ಪೊಗೆ’, ‘ಹೊಗೆ’ಗಳನ್ನು ಅವರ ಬೆಂಕಿಯ ಮಾತುಗಳ ಪಕ್ಕದಲ್ಲಿ ನಿಲ್ಲಿಸಿದರೆ ದಾಯಾದಿಗಳಂತೆ ಕಂಡಾವು. ಅದು ಬರಿಯ ಆಕಸ್ಮಿಕ. ಅಲ್ಲಿ ನಂಟು ಹುಡುಕುವ ಆಸೆಯನ್ನು ಭಾಷಾಭ್ಯಾಸಿ ಅದುಮಿಡಬೇಕು.

2019ರ ಜೂನ್‌ನಲ್ಲಿ, ಮಗಳ ಮನೆಯಲ್ಲಿ ಕೆಲವು ವಾರ ಇರಲೆಂದು ಮ್ಯಾಡ್ರಿಡ್‌ಗೆ ಹೋಗಿದ್ದ ನಾನು ಈ ಹಬ್ಬವನ್ನು ನೋಡಿದೆ. ಮ್ಯಾಡ್ರಿಡ್‌ನಿಂದ ಆಲಿಕಾಂತೆಗೆ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಊರಿನ ನಡುವೆ ಬೆನಕಾಂತಿಲ್ ಎಂಬ ಬೋಳುಗುಡ್ಡ. ಅದರ ನೆತ್ತಿಯ ಮೇಲೆ ಸಾಂತಾ ಬಾರ್ಬರಾ ಕೋಟೆ. ಕೆಳಗೆ ಸಮುದ್ರದಂಚಿಗೆ ತಾಳೆಯ ಸಾಲುಗಳ ನಡುವೆ ಅಲೆಯಲೆಯಾಗಿ ಬಣ್ಣದ ಅಮೃತಶಿಲೆಯ ತುಣುಕುಗಳನ್ನು ಹಾಸಿದ ನಡೆದಾರಿ. ಇಷ್ಟು ಸೊಗಸಾದ ಊರು ವರ್ಷದಲ್ಲಿ ಐದು ದಿನ ತನ್ನ ಬೀದಿಗಳಿಂದ ವಾಹನಗಳನ್ನು ಹೊರಗಟ್ಟಿ, ಚೌಕ ಚೌಕಗಳಲ್ಲಿ ಬೃಹತ್ತಾದ ಗೊಂಬೆಗಳ ಗೋಪುರಗಳನ್ನು ನಿಲ್ಲಿಸುತ್ತದೆ. ಬಡಾವಣೆಗೊಂದರಂತೆ ದೊಡ್ಡವರದು, ಅದರ ಮಗ್ಗುಲಿಗೆ ಮಕ್ಕಳದು. ಪುರಭವನದ ಮುಂದಿನ ಗೋಪುರವಂತೂ ನಾಲ್ಕೈದು ಅಂತಸ್ತಿನ ಮನೆಯೆತ್ತರ. ಮರದ ಹಂದರ, ಅದರ ಮೇಲೆ ಕಾಗದದ ರಟ್ಟು. ಈಚಿನ ದಶಕಗಳಲ್ಲಿ ಥರ್ಮೋಕೋಲ್ ಸಹ ಸೇರಿದೆ. ಅದನ್ನು ಕೊರೆದು, ನಯಗೊಳಿಸಿ, ಬಣ್ಣ ಹಚ್ಚುವ ಕುಶಲಕರ್ಮಿಗಳ ಕೆಲಸ ತಿಂಗಳುಗಟ್ಟಲೆ ಸಾಗುತ್ತದೆ. ಅದರ ಖರ್ಚಿಗಾಗಿ ಬಡಾವಣೆಯ ಸಮಿತಿಗಳು ವರ್ಷವಿಡೀ ವಂತಿಗೆ ಎತ್ತುತ್ತವೆ. ಇಷ್ಟೆಲ್ಲ ಮಾಡಿ, 24ರ ನಡುರಾತ್ರಿ ಅಷ್ಟಕ್ಕೂ ಬೆಂಕಿ ಇಡುತ್ತಾರೆ.

ಜೂನ್ 24 ಕ್ರೈಸ್ತರಿಗೆ ಸ್ನಾನಿಕ ಯೋಹಾನನ ಜನ್ಮದಿನ. ಕ್ರಿಸ್ತಜಯಂತಿಗೆ ಸುಮಾರು ಆರು ತಿಂಗಳ ಹಿಂದಿನ ದಿನ. ಉತ್ತರಾರ್ಧಗೋಳದಲ್ಲಿ ಹಗಲು ತನ್ನ ಪರಮಾವಧಿಯನ್ನು ಮುಟ್ಟಿ ಇಳಿಮುಖವಾಗುವ ಕಾಲವೂ ಅದೇ. ಆ ರಾತ್ರಿ ಬೆಂಕಿ ಹಾಕುವುದು ಯುರೋಪಿನ ಹಲವು ನಾಡುಗಳ ಹಳೆಯ ವಾಡಿಕೆ. ಆಲಿಕಾಂತೆಯ ಜನರೂ ಮನೆಯ ಮುರುಕು ಸಾಮಾನುಗಳನ್ನು ಬೀದಿಯಲ್ಲಿ ರಾಶಿ ಹಾಕಿ ಸುಡುತ್ತಿದ್ದರು. 19ನೆಯ ಶತಮಾನದಲ್ಲಿ ನಗರಾಡಳಿತ ಇದಕ್ಕೆ ಅಡ್ಡಿಯೊಡ್ಡಿದ್ದೂ ಉಂಟು. ಇಂದಿನ ರೂಪ ಬಂದದ್ದು 1928ರಲ್ಲಿ. ಕಾದಿಸ್‌ನಲ್ಲಿ ಹುಟ್ಟಿ, ವಲೆನ್ಸಿಯಾ ನಗರದಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯುವ ‘ಫಾಯಸ್’ ಎಂಬ ಉರಿಹಬ್ಬಕ್ಕೆ ಮನಸೋತಿದ್ದ ಹೊಸೆ ಮಾರಿಯಾ ಪೀ ಎಂಬಾತ ಆಲಿಕಾಂತೆಯ ಹಳೆಯ ಬೆಂಕಿಗೆ ಆ ಗೊಂಬೆಗಳ ಕಲೆಯನ್ನು ಕೂಡಿಸಬೇಕೆಂದು ಸೂಚಿಸಿದ. ಪ್ರವಾಸಿಗರನ್ನು ಸೆಳೆಯುವ ಉದ್ದೇಶವೂ ಅದರಲ್ಲಿತ್ತು. ಹೀಗೆ ಈ ಹಬ್ಬದ ಬೆಂಕಿ ಪ್ರಾಚೀನ, ಗೊಂಬೆ ಅರ್ವಾಚೀನ. ಸಂಪ್ರದಾಯವೆಂಬುದು ಎಂದೋ ಒಂದು ದಿನ ಯಾರೋ ಒಬ್ಬರ ತಲೆಯಲ್ಲಿ ಮೊಳೆತದ್ದು. ಊರು ಅದನ್ನು ತನ್ನದೆಂದು ಒಪ್ಪಿಕೊಂಡ ದಿನ ಅದಕ್ಕೆ ವಯಸ್ಸು ತಾನಾಗಿ ಬಂದುಬಿಡುತ್ತದೆ.

ಗೊಂಬೆಗಳಲ್ಲಿ ದೇವತೆಗಳಿಲ್ಲ, ರಾಕ್ಷಸರೂ ಇಲ್ಲವೆನ್ನಬೇಕು. ಇರುವವರು ಮಂತ್ರಿಗಳು, ಬ್ಯಾಂಕಿನ ಧಣಿಗಳು, ಬಿಸಿಲಿಗೆ ಕೆಂಪೇರಿದ ಪ್ರವಾಸಿಗರು, ಬೀದಿಯ ಹರಟೆಮಲ್ಲರು. ಊರು ತನ್ನನ್ನೂ ತನ್ನನ್ನು ಆಳುವವರನ್ನೂ ಆಡಿಕೊಂಡು ನಗುವ ಬಗೆ ಇದು. ಗೋಪುರದ ಬುಡದಲ್ಲಿ ಪದ್ಯರೂಪದ ಚುಚ್ಚುಮಾತುಗಳ ಹಲಗೆಗಳೂ ಇರುತ್ತವೆ. ಫ್ರಾಂಕೊನ ಸರ್ವಾಧಿಕಾರದ ದಶಕಗಳಲ್ಲಿ ಈ ನಗೆ ಅಳೆದು ತೂಗಿ ನಗುವ ನಗೆಯಾಗಿತ್ತು. 1975ರಲ್ಲಿ ಅವನು ಸತ್ತ ಮೇಲೆ ಅದರ ಗಂಟಲು ಮತ್ತೆ ಬಿಚ್ಚಿಕೊಂಡಿತು.

ಹಬ್ಬದ ಹಗಲಿಗೂ ಒಂದು ಬೆಂಕಿಯುಂಟು. ಅದನ್ನು ನೋಡುವುದಕ್ಕಿಂತ ಕೇಳಬೇಕು. ಮಧ್ಯಾಹ್ನ ಎರಡು ಗಂಟೆಗೆ ಲುಸೆರೋಸ್ ಚೌಕದಲ್ಲಿ ‘ಮಸ್ಕ್ಲೆತಾ’ ನಡೆಯಿತು. ಹಗ್ಗಗಳಿಗೆ ಸಾಲಾಗಿ ಕಟ್ಟಿದ ಪಟಾಕಿಗಳನ್ನು ಬಿಸಿಲಿನಲ್ಲೇ ಸಿಡಿಸುವ ಆಟ ಅದು. ಬಣ್ಣವಿಲ್ಲ, ಬೆಳಕಿಲ್ಲ, ಬರಿಯ ನಾದ. ವಿಳಂಬದಲ್ಲಿ ಹೊರಟು, ಲಯ ಹಿಡಿದು, ದ್ರುತಕ್ಕೇರಿ, ಕೊನೆಗೆ ಕಾಲಡಿಯ ನೆಲವೇ ನಡುಗುವಂತೆ ಮುಗಿಯುತ್ತದೆ. ತನಿ ಆವರ್ತನ ಕೇಳಿ ಬಲ್ಲವರಿಗೆ ಇದರ ಮುಕ್ತಾಯದ ಗತ್ತು ಥಟ್ಟನೆ ಹೊಳೆದೀತು. ಮುಗಿದೊಡನೆ ಜನ ಚಪ್ಪಾಳೆ ತಟ್ಟಿ, ಊಟದ ಕಡೆಗೆ ಸಾಗುತ್ತಾರೆ. ಟ್ಯೂನಾ ಮೀನನ್ನೂ ಈರುಳ್ಳಿಯನ್ನೂ ಹೂರಣವಾಗಿಟ್ಟು ಬೇಯಿಸಿದ ‘ಕೋಕ’ ಎಂಬ ಭಕ್ಷ್ಯ, ಜೊತೆಗೆ ಆ ವರ್ಷದ ಮೊದಲ ಅಂಜೂರದ ಹಣ್ಣು: ಇದು ಹಬ್ಬದ ಊಟ. ನನ್ನ ಪಾಲಿಗೆ ಅಂಜೂರವೇ ಸಾಕಾಯಿತು.

24ರ ರಾತ್ರಿ ಹನ್ನೆರಡಕ್ಕೆ ಕೋಟೆಯ ನೆತ್ತಿಯಿಂದ ಬೆಳ್ಳನೆಯ ಬಾಣದ ಗೊಂಚಲು ಮೇಲೆದ್ದು ತಾಳೆಯ ಮರದಂತೆ ಆಕಾಶದಲ್ಲಿ ಹರಡಿಕೊಂಡಿತು. ಅದೇ ಅಪ್ಪಣೆ. ಮೊದಲು ಪುರಭವನದ ಮುಂದಿನ ಗೋಪುರ ಹೊತ್ತಿತು. ಅನಂತರ ಒಂದಾದ ಮೇಲೊಂದರಂತೆ ಬಡಾವಣೆಗಳವು. ಅಗ್ನಿಶಾಮಕ ದಳದವರು ಬಂದು ನಿಲ್ಲುವವರೆಗೆ ಯಾವುದಕ್ಕೂ ಕಿಡಿ ಮುಟ್ಟಿಸುವಂತಿಲ್ಲ. ಅವರು ಸುತ್ತಲಿನ ಮನೆಗಳ ಗೋಡೆಗಳನ್ನು ನೀರು ಹಾಯಿಸಿ ತಂಪಾಗಿಡುತ್ತಾರೆ. ಬೆವರುತ್ತ ನಿಂತ ತರುಣರು ಅವರನ್ನು ಛೇಡಿಸಿ ನೀರು ಬೇಡುತ್ತಾರೆ. ನೀರಿನ ಕೊಳವೆ ಗುಂಪಿನ ಕಡೆ ತಿರುಗುತ್ತದೆ. ಎದುರಿಗೆ ಬೆಂಕಿ, ಬೆನ್ನ ಮೇಲೆ ಮಳೆ. ಈ ಸಂಭ್ರಮದ ನಡುವೆ ಬಿಳಿಯ ಕಸೂತಿಯ ಮೇಲುದ ಹೊದ್ದ ಹುಡುಗಿಯರು, ಆ ಬಡಾವಣೆಯ ಅಗ್ನಿಸುಂದರಿಯರೆಂದು ಆಯ್ಕೆಯಾದವರು, ಬಿಕ್ಕಿಬಿಕ್ಕಿ ಅಳುತ್ತಿದ್ದರು. ನಮ್ಮ ಪಕ್ಕದಲ್ಲಿದ್ದ ಒಬ್ಬ ವೃದ್ಧೆಯನ್ನು ಮಗಳ ಮೂಲಕ ಕೇಳಿಸಿದೆ: “ಈ ಕೂಸು ಇಷ್ಟು ಅಳುತ್ತಿದೆಯಲ್ಲ, ಸಮಾಧಾನ ಮಾಡುವವರಿಲ್ಲವೆ?” ಆಕೆ ಬೆಂಕಿಯಿಂದ ಕಣ್ಣು ತೆಗೆಯದೆ ಹೇಳಿದ್ದು ಇಷ್ಟೆ: “ಅಳಲಿ ಬಿಡಿ. ನಾವೆಲ್ಲ ಅತ್ತವರೇ.”

ಫಾಲ್ಗುಣದ ಹುಣ್ಣಿಮೆಯಲ್ಲಿ ಕಾಮನನ್ನು ಸುಡುವ ನಮಗೆ ಉರಿಯ ಹಬ್ಬ ಹೊಸದಲ್ಲ. ಆದರೆ ನಾವು ಸುಡುವಾಗ ಒಂದು ಕಥೆಯ ಸಮರ್ಥನೆ ನಮಗಿರುತ್ತದೆ. ಆಲಿಕಾಂತೆಯವರು ಸುಡುವುದು ತಮ್ಮದೇ ದುಡಿಮೆಯನ್ನು, ತಾವೇ ಮೆಚ್ಚಿ ಬಹುಮಾನ ಕೊಟ್ಟ ಕೃತಿಯನ್ನು. ಇದು ಅಪವ್ಯಯವಲ್ಲವೆ ಎಂಬ ಪ್ರಶ್ನೆ ಯಾರಿಗಾದರೂ ಏಳಬೇಕಾದದ್ದೇ. ಥರ್ಮೋಕೋಲ್ ಉರಿದಾಗ ಏಳುವ ಕರಿಹೊಗೆಯ ವಿಚಾರದಲ್ಲಂತೂ ಆ ಪ್ರಶ್ನೆಗೆ ಅಲ್ಲಿಯವರೂ ಉತ್ತರ ಹುಡುಕಬೇಕಾಗಿದೆ. ಮತ್ತೆ ಮರಕ್ಕೇ ಮರಳಿರುವ ಕಲಾವಿದರೂ ಉಂಟು.

ಆದರೆ ಹೊಗೆಯ ಪ್ರಶ್ನೆ ಬೇರೆ, ನಾಶದ ಪ್ರಶ್ನೆ ಬೇರೆ. ನಿಜವಾದ ನಾಶ ಏನೆಂಬುದು ಆ ಊರಿಗೆ ಗೊತ್ತು. 1936ರ ಜುಲೈನಲ್ಲಿ ಸ್ಪೇನಿನ ಅಂತರ್ಯುದ್ಧ ಮೊದಲಾಯಿತು, ಹಬ್ಬ ನಿಂತಿತು. 1938ರ ಮೇ 25ರಂದು, ಫ್ರಾಂಕೊನ ಪರವಾಗಿ ಬಂದ ಇಟಲಿಯ ವಿಮಾನಗಳು ಆಲಿಕಾಂತೆಯ ಕೇಂದ್ರ ಮಾರುಕಟ್ಟೆಯ ಮೇಲೆ, ಜನ ಕಿಕ್ಕಿರಿದ ಹೊತ್ತಿನಲ್ಲಿ ಬಾಂಬುಗಳನ್ನು ಸುರಿದವು. ಸತ್ತವರು ಸುಮಾರು 300 ಮಂದಿ. ಮಾರುಕಟ್ಟೆಯ ಹಿಂದಿನ ಚೌಕಕ್ಕೆ ಇಂದು ಆ ತಾರೀಖಿನದೇ ಹೆಸರು. ಆಕಾಶದಿಂದ ಬಿದ್ದ ಬೆಂಕಿಯನ್ನು ಕಂಡ ಊರು, ಯುದ್ಧ ಮುಗಿದ ಮೇಲೆ ಮತ್ತೆ ತನ್ನ ಕೈಯಾರೆ ಬೆಂಕಿ ಹೊತ್ತಿಸಲು ಮನಸ್ಸು ಮಾಡಿತು. ಗೋಡೆಗಳಿಗೆ ನೀರು ಹಾಯಿಸಿ, ಮಕ್ಕಳನ್ನು ದೂರ ನಿಲ್ಲಿಸಿ, ಯಾರಿಗೂ ನೋವಾಗದಂತೆ ಹೊತ್ತಿಸುವ ಬೆಂಕಿ ಇದು.

ಹಬ್ಬದಲ್ಲಿ ಒಂದು ಕ್ಷಮಾದಾನವೂ ಇದೆ. ‘ನಿನೋತ್’ ಎಂದರೆ ಗೊಂಬೆ. ಬಡಾವಣೆಗಳು ತಮ್ಮ ಗೊಂಬೆಗಳಲ್ಲಿ ಒಂದೊಂದನ್ನು ಮೊದಲೇ ಪ್ರದರ್ಶನಕ್ಕಿಡುತ್ತವೆ. ಜನ ಮತ ಹಾಕಿ ಆರಿಸಿದ್ದು ಬೆಂಕಿಯಿಂದ ಪಾರಾಗುತ್ತದೆ. ಹೀಗೆ ಪಾರಾದವುಗಳಿಗೆ ಊರಿನಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿ ನಿಂತು ನೋಡಿದಾಗ, ಉಳಿದವುಗಳ ನಗೆಯಲ್ಲಿ ಏನೋ ಕೊರತೆಯಿದೆ ಎನ್ನಿಸಿತು. ಅವು ನಕ್ಕ ಆ ವರ್ಷದ ಪ್ರಸಂಗ ಮರೆತುಹೋಗಿದೆ, ನೋಡಿ ನಕ್ಕ ಬೀದಿ ಹೊರಗೆ ಉಳಿದಿದೆ. ಸಂಗ್ರಹಾಲಯ ಗೊಂಬೆಯನ್ನು ಉಳಿಸಿದೆ. ಕಸುಬನ್ನು ಉಳಿಸಿದ್ದು ಬೆಂಕಿ. ಎಲ್ಲವೂ ಬೂದಿಯಾಗುವುದರಿಂದಲೇ ಪ್ರತಿವರ್ಷವೂ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಮಾಡಬೇಕಾದ್ದರಿಂದಲೇ ಮಾಡಬಲ್ಲ ಕೈಗಳು ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತಿವೆ.

ಹಳೆಯ ಕಾವ್ಯವನ್ನು ಬಹುಕಾಲ ಪಾಠ ಹೇಳಿದವನಿಗೆ ಈ ನ್ಯಾಯ ಹತ್ತಿರದ್ದಾಗಿ ತೋರಿದರೆ ಆಶ್ಚರ್ಯವಿಲ್ಲ. ಪಂಪ ತನ್ನ ಕೈಯಾರೆ ಬರೆದ ಓಲೆ ನಮಗೆ ದೊರೆತಿಲ್ಲ. ತಾಳೆಯೋಲೆ ಹುಳು ತಿಂದು, ಮುಗ್ಗಿ, ಮುರಿದು ಹೋಗುವಂಥದು. ಹೋಗುವುದೆಂದು ತಿಳಿದೇ ಒಬ್ಬ ಲಿಪಿಕಾರ ಅದನ್ನು ಹೊಸ ಓಲೆಗೆ ಇಳಿಸಿದ. ಅವನ ಓಲೆಯನ್ನು ಇನ್ನೊಬ್ಬ ಇಳಿಸಿದ. ಸಾವಿರ ವರ್ಷ ಬಾಳಿದ್ದು ಓಲೆಯಲ್ಲ, ಮತ್ತೆ ಬರೆಯುವ ಅಭ್ಯಾಸ. ಬರೆಯುವವರು ನಿಂತ ಕಡೆ ಕಾವ್ಯವೂ ನಿಂತಿತು. ಹೆಸರು ಮಾತ್ರ ಉಳಿದ ಕೃತಿಗಳು ನಮ್ಮಲ್ಲಿ ಎಷ್ಟಿಲ್ಲ!

ಮರುದಿನ ಬೆಳಿಗ್ಗೆ ಹೊರಗೆ ಬಂದಾಗ ಚೌಕಗಳನ್ನು ಗುಡಿಸಿ ತೊಳೆದಿದ್ದರು. ಕಲ್ಲುಹಾಸಿನ ಮೇಲೆ ಕಪ್ಪನೆಯ ಒಂದು ವೃತ್ತ, ಗಾಳಿಯಲ್ಲಿ ಸುಟ್ಟ ಬಣ್ಣದ ವಾಸನೆ. ವಾಹನಗಳು ತಮ್ಮ ದಾರಿಗೆ ಮರಳಿದ್ದವು. ಮರುವರ್ಷ, ಎಂದರೆ 2020ರಲ್ಲಿ, ಕೋವಿಡ್ ಸಾಂಕ್ರಾಮಿಕದ ಕಾರಣ ಆ ಚೌಕಗಳಲ್ಲಿ ಗೋಪುರಗಳು ಏಳಲಿಲ್ಲ, ಜೂನ್ 24ರ ರಾತ್ರಿ ಯಾವುದೂ ಉರಿಯಲಿಲ್ಲ. ಆ ಸುದ್ದಿಯನ್ನು ಓದಿದಾಗ ನನಗೆ ಆ ಅಳುವ ಹುಡುಗಿಯರ ನೆನಪಾಯಿತು. ಸುಟ್ಟು ಕಳೆದುಕೊಂಡ ವರ್ಷಗಳಲ್ಲಿ ಅತ್ತು ಹಗುರಾಗುತ್ತಿದ್ದ ಆ ಊರಿಗೆ, ಏನನ್ನೂ ಸುಡದೆ ಕಳೆದ ಆ ಒಂದು ವರ್ಷವೇ ದೊಡ್ಡ ನಷ್ಟವಾಗಿ ತೋರಿದ್ದಿರಬೇಕು.