ಕಡಲ ಹಸು ಕಾಯುವುದೂ ಉದ್ಯೋಗವೇ



"ಕಡಲ ಪ್ರಾಣಿ ಕಾಯೋದಕ್ಕೆ ಸಂಬಳ ಯಾರು ಕೊಡ್ತಾರೆ ಸಿಸ್ಟರ್?" ಅಂತ ಒಬ್ಬ ತಾಯಿ ಕೇಳಿದರು. ಕೊಡುತ್ತಾರೆ.

ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಕಡಲ ಹುಲ್ಲು ಮೇಯುವ ಡುಗಾಂಗ್, ಅಂದರೆ ಕಡಲ ಹಸು ಇದೆ. ಉಸಿರಾಡಲು ಅದು ಆಗಾಗ ಮೇಲೆ ಬರಬೇಕು. ಬಲೆಗೆ ಸಿಕ್ಕಿದರೆ ಉಸಿರುಗಟ್ಟಿ ಸಾಯುತ್ತದೆ. ಅದರ ರಕ್ಷಣೆಗೆಂದೇ 2022ರಲ್ಲಿ ಅಲ್ಲಿನ ಸರಕಾರ 448 ಚದರ ಕಿಲೋಮೀಟರ್ ಪ್ರದೇಶ ಮೀಸಲಿಟ್ಟಿತು. ಇಂಥ ಕೆಲಸಕ್ಕೆ ಸಂಶೋಧಕರು, ಪಶುವೈದ್ಯರು, ಅರಣ್ಯ ಸಿಬ್ಬಂದಿ ಬೇಕು. ಬಲೆ, ನೀರು ಬಲ್ಲ ಮೀನುಗಾರರೂ ಬೇಕು.

ಪಿಯುಸಿಯಲ್ಲಿ ವಿಜ್ಞಾನ ಓದಿದ ಮಗಳಿಗೆ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಬಿ.ಎಸ್ಸಿ. ಆದವಳಿಗೆ ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ಎಂ.ಎಸ್ಸಿ. ಇದೆ. ಸಂಶೋಧನೆಯ ಕೆಲಸ ಹೆಚ್ಚಾಗಿ ಯೋಜನೆ ಇರುವಷ್ಟು ದಿನ ಮಾತ್ರ; ಇದೂ ನಿಮಗೆ ತಿಳಿದಿರಲಿ.

ಮದುವೆಗೆ ಸಂಘದಿಂದ ಸಾಲ ತೆಗೀತೀರಲ್ಲ, ಮಗಳ ಓದಿಗೂ ತೆಗೆಯಿರಿ.