ಬಾತಿನ ಕಾಲು ಬಾತಾಗ



ಈ ಸಂಜೆ ನಾವು ತಮ್ಮಲ್ಲಿ ವಿಜ್ಞಾಪಿಸಲಿರುವ ವಿಷಯವು ಬಹು ಚಿಕ್ಕದು. ಎಷ್ಟು ಚಿಕ್ಕದೆಂದರೆ, ಅದರ ಆರಂಭವು ಒಂದು ಮೆಣಸಿನ ಕಾಳಿನಷ್ಟೇ ಇರುತ್ತದೆ. ಹಿತ್ತಿಲಿನಲ್ಲಿ ಒಂದೆರಡು ಬಾತುಗಳನ್ನು ಅಕ್ಕರೆಯಿಂದ ಸಾಕಿಕೊಂಡಿರುವವರು ನಮ್ಮ ಶ್ರೋತೃಗಳಲ್ಲಿ ಕೆಲವರಾದರೂ ಇರಬಹುದು. ಅವರ ಪೈಕಿ ತಮ್ಮ ಬಾತಿನ ಅಂಗಾಲನ್ನು ಒಮ್ಮೆಯಾದರೂ ತಿರುವಿ ನೋಡಿದವರು ಎಷ್ಟು ಮಂದಿ? ನಾವಂತೂ ನೋಡಿರಲಿಲ್ಲ. ಹಾಗೆ ನೋಡದೆ ಇದ್ದುದರ ಫಲವನ್ನು ಅನುಭವಿಸಿದುದು ನಾವಲ್ಲ, ಆ ಮೂಕಪ್ರಾಣಿ.

ನಮ್ಮ ಮನೆಯಲ್ಲಿದ್ದುದು ಖಾಕಿ ಕ್ಯಾಂಪ್‌ಬೆಲ್ ಜಾತಿಯ ಒಂದು ಜೋಡಿ. ಹಿತ್ತಿಲಿಗೆ ಅಂದವಾಗಿ ಸಿಮೆಂಟು ಹಾಕಿಸಿದ್ದೆವು. ತೊಳೆಯಲು ಸುಲಭವೆಂಬುದು ನಮ್ಮ ಎಣಿಕೆ. ಒಂದು ದಿನ ಹೆಣ್ಣು ಬಾತು ಎಡಗಾಲನ್ನು ಕೊಂಚ ಎಳೆದಂತೆ ಕಂಡಿತು. ಬಾತಿನ ನಡಿಗೆಯು ಮೊದಲೇ ಓಲಾಟದ ನಡಿಗೆಯಲ್ಲವೆ? ನಾವು ನಕ್ಕು ಸುಮ್ಮನಾದೆವು. ಆ ನಗುವಿನಲ್ಲಿ ಎರಡು ವಾರ ಕಳೆದುಹೋಯಿತು. ಅನಂತರ ಅದನ್ನು ಎತ್ತಿ ನೋಡಿದಾಗ ಅಂಗಾಲಿನ ನಡುವೆ ಕರಿಯ ಹಕ್ಕಳೆಯೊಂದು ಕಟ್ಟಿತ್ತು; ಸುತ್ತಲೂ ಬಾವು ಏರಿತ್ತು.

ಈ ರೋಗವನ್ನು ಇಂಗ್ಲಿಷಿನಲ್ಲಿ ಬಂಬಲ್‌ಫುಟ್ ಎಂದು ಕರೆಯುವರು. ನಾವು ಅಂಗಾಲು ಹುಣ್ಣೆಂದು ಹೇಳಿದರೆ ಸಾಕು. ಇದರ ಹುಟ್ಟು ಹೀಗೆ: ಬಾತಿನ ಪಾದವು ಕೆಸರಿಗೂ ನೀರಿಗೂ ಒಗ್ಗುವಂತೆ ರಚಿತವಾದುದು, ಅದರ ಚರ್ಮವು ಮೃದು. ದಿನವೆಲ್ಲ ಗಟ್ಟಿ ನೆಲದ ಮೇಲೆಯೋ ಜಲ್ಲಿಯ ಮೇಲೆಯೋ ತಂತಿಬಲೆಯ ಮೇಲೆಯೋ ನಿಂತರೆ, ಮೈಭಾರವೆಲ್ಲವೂ ಒಂದೇ ಕಡೆ ಒತ್ತಿ ಅಲ್ಲಿ ಜಡ್ಡು ಕಟ್ಟುತ್ತದೆ. ಜಡ್ಡು ಬಿರಿಯುತ್ತದೆ. ಆ ಬಿರುಕಿನೊಳಗೆ ಕ್ರಿಮಿಗಳು ಪ್ರವೇಶಿಸುತ್ತವೆ. ಇವುಗಳಲ್ಲಿ ಮುಖ್ಯವಾದುದು ಸ್ಟ್ಯಾಫಿಲೊಕಾಕಸ್. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯರಾದ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬವರು ಇದನ್ನು ಮನುಷ್ಯರ ಕೀವಿನಲ್ಲಿ ಕಂಡು, ದ್ರಾಕ್ಷಿಯ ಗೊಂಚಲಿನಂತೆ ತೋರಿದುದರಿಂದ 1882ರಲ್ಲಿ ಈ ಹೆಸರನ್ನಿಟ್ಟರು. ನಮ್ಮ ಕುರುವಿಗೂ ಬಾತಿನ ಅಂಗಾಲು ಹುಣ್ಣಿಗೂ ಕಾರಣವು ಹೀಗೆ ಬಹುಮಟ್ಟಿಗೆ ಒಂದೇ ಕುಲದ ಕ್ರಿಮಿ.

ನೆಲವೊಂದೇ ಇದಕ್ಕೆ ಹೊಣೆಯಲ್ಲ. ಸದಾ ಒದ್ದೆಯಾಗಿ ಕೊಳೆತ ಹಾಸು, ಎತ್ತರದಿಂದ ಧುಮುಕುವುದು, ಮುಳ್ಳು ಗಾಜಿನ ಚೂರುಗಳ ಗಾಯ, ಅತಿಯಾಗಿ ಉಣಿಸಿ ಬೆಳೆಸಿದ ಬೊಜ್ಜು, ಆಹಾರದಲ್ಲಿ 'ಎ' ಜೀವಸತ್ವದ ಕೊರತೆ, ಇವೆಲ್ಲವೂ ಸಹಕಾರಿಗಳು. ಖಾಕಿ ಕ್ಯಾಂಪ್‌ಬೆಲ್ ಸುಮಾರು 2 ಕಿಲೋಗ್ರಾಂ ತೂಗುವ ಹಗುರವಾದ ಹಕ್ಕಿ. ಅದಕ್ಕೇ ಈ ಗತಿಯಾದರೆ, ಅದರ ಇಮ್ಮಡಿ ತೂಗಬಲ್ಲ ಬಿಳಿಯ ಪೆಕಿನ್ ಬಾತನ್ನು ಸಿಮೆಂಟಿನ ಮೇಲೆ ಸಾಕುವವರು ಇನ್ನೆಷ್ಟು ಎಚ್ಚರದಿಂದಿರಬೇಕು!

ಇನ್ನು ರೋಗವನ್ನು ಗುರುತಿಸುವ ಬಗೆ. ಬಾತು ಕುಂಟುವವರೆಗೆ ಕಾಯಬಾರದು. ಬೇಟೆಗೆ ಗುರಿಯಾಗುವ ಪ್ರಾಣಿಗಳೆಲ್ಲವೂ ತಮ್ಮ ನೋವನ್ನು ಅಡಗಿಸುತ್ತವೆ. ಕುಂಟು ಕಂಡಾಗ ರೋಗವು ಆಗಲೇ ಬೆಳೆದಿರುತ್ತದೆ. ವಾರಕ್ಕೊಮ್ಮೆ ಬಾತನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಎದೆಯನ್ನು ಒತ್ತಿ ಹಿಡಿಯಬಾರದು. ಎದೆಗೂಡು ಆಡದಿದ್ದರೆ ಹಕ್ಕಿಗೆ ಉಸಿರಾಟವಿಲ್ಲ. ಕಾಲು ಹಿಡಿದು ಎತ್ತುವುದಂತೂ ಕೂಡದು. ಬಳಿಕ ಅಂಗಾಲನ್ನು ತೊಳೆದು, ಎರಡು ಪಾದಗಳನ್ನೂ ಹೋಲಿಸಿ ನೋಡಬೇಕು. ಮೊದಲನೆಯ ಅವಸ್ಥೆಯಲ್ಲಿ ಕೆಂಪು, ನುಣುಪು, ಅಥವಾ ಸಣ್ಣ ಜಡ್ಡು ಕಾಣುವುದು. ಎರಡನೆಯದರಲ್ಲಿ ಕಂದು ಇಲ್ಲವೆ ಕರಿಯ ಹಕ್ಕಳೆ, ಬಾವು, ಮುಟ್ಟಿದರೆ ಬಿಸಿ. ಮೂರನೆಯದರಲ್ಲಿ ಬಾವು ಬೆರಳುಗಳಿಗೂ ಗಿಣ್ಣಿಗೂ ಏರಿ, ಬಾತು ಮೇವು ಬಿಟ್ಟು ಮಲಗಿಯೇ ಇರುವುದು. ಆಗ ಕ್ರಿಮಿಯು ಎಲುಬಿಗೆ ತಗುಲಿರುವ ಸಂಭವವುಂಟು.

ಕುಂಟುವ ಬಾತುಗಳಿಗೆಲ್ಲ ಇದೇ ರೋಗವೆಂದು ತಿಳಿಯಬಾರದು. ಅಂಗಾಲು ಶುಭ್ರವಾಗಿದ್ದರೆ ಉಳುಕೋ ಮುರಿತವೋ ಇರಬಹುದು. ಎಳೆಯ ಮರಿಗಳ ಕಾಲು ಬಾಗಿ, ಗಿಣ್ಣು ದಪ್ಪವಾದರೆ ನಯಾಸಿನ್ ಎಂಬ ಜೀವಸತ್ವದ ಕೊರತೆಯನ್ನು ಶಂಕಿಸಬೇಕು. ಬಾತಿನ ಮರಿಗೆ ಒಂದು ಕಿಲೋಗ್ರಾಂ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ನಯಾಸಿನ್ ಬೇಕು. ಕೋಳಿಮರಿಗೆ ಅಷ್ಟು ಬೇಡ. ಆದುದರಿಂದ ಕೋಳಿಮರಿಯ ಆಹಾರವನ್ನೇ ತಿಂದು ಬೆಳೆದ ಬಾತಿನ ಮರಿಯಲ್ಲಿ ಈ ದೋಷವು ತಲೆದೋರಬಹುದು.

ಈಗ ನಮ್ಮ ಎರಡನೆಯ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಕ್ಕಳೆಯನ್ನು ಕಂಡ ನಾವು, ಮಕ್ಕಳ ಕುರುವನ್ನು ಹಿಂಡುವಂತೆ ಸೂಜಿಯಿಂದ ಚುಚ್ಚಿ ಹಿಂಡಿದೆವು. ಕೀವು ಬರಲಿಲ್ಲ; ರಕ್ತವು ಬಂದಿತು. ಮರುದಿನ ಬಾವು ಇಮ್ಮಡಿಸಿತು. ಪಶುವೈದ್ಯರು ಕಾರಣವನ್ನು ವಿವರಿಸಿದರು. ಮನುಷ್ಯರ ರಕ್ತದ ಬಿಳಿಯ ಕಣಗಳಲ್ಲಿ ಕೀವನ್ನು ಕರಗಿಸಿ ನೀರಾಗಿಸುವ ವಸ್ತುಗಳಿವೆ. ಹಕ್ಕಿಗಳಲ್ಲಿ ಅವುಗಳ ಕೊರತೆಯಿದೆ. ಅದರಿಂದ ಹಕ್ಕಿಯ ಕೀವು ಹರಿಯುವುದಿಲ್ಲ. ಹಿಂಡಿ ಕಟ್ಟಿದ ಮೊಸರಿನಂತೆ ಗಟ್ಟಿಯಾಗಿ ಒಳಗೇ ನಿಲ್ಲುತ್ತದೆ. ಹಿಂಡಿದಷ್ಟೂ ಅದು ಆಳಕ್ಕೆ ಇಳಿಯುವುದೇ ಹೊರತು ಹೊರಗೆ ಬಾರದು. ಅಂಗಾಲಿನಲ್ಲಿ ನರಗಳೂ ಸ್ನಾಯುರಜ್ಜುಗಳೂ ರಕ್ತನಾಳಗಳೂ ಒತ್ತಾಗಿವೆ. ಅರಿವಳಿಕೆಯಿಲ್ಲದೆ ಅಲ್ಲಿ ಚೂರಿಯಾಡಿಸುವುದು ಚಿಕಿತ್ಸೆಯಲ್ಲ, ಹಿಂಸೆ.

ಹಾಗಾದರೆ ಮನೆಯಲ್ಲಿ ಮಾಡತಕ್ಕದ್ದೇನು? ಹಕ್ಕಳೆ ಬಾವುಗಳಿಲ್ಲದ ಮೊದಲನೆಯ ಅವಸ್ಥೆಯಲ್ಲಿ ಮಾಡುವುದಕ್ಕೆ ಸಾಕಷ್ಟಿದೆ. ಒಂದು ಲೀಟರು ಉಗುರುಬೆಚ್ಚನೆಯ ನೀರಿಗೆ ಎರಡು ಚಮಚ ಭೇದಿ ಉಪ್ಪನ್ನು, ಎಂದರೆ ಎಪ್ಸಮ್ ಉಪ್ಪನ್ನು, ಕರಗಿಸಿ ಹತ್ತು ಹದಿನೈದು ನಿಮಿಷ ಪಾದವನ್ನು ಅದರಲ್ಲಿ ನೆನೆಯಿಡಬೇಕು. ಹೆಸರೇ ಹೇಳುವಂತೆ ಅದನ್ನು ಕುಡಿದರೆ ಭೇದಿಯಾಗುವುದು. ಬಾತು ಕೊಕ್ಕು ಹಾಕದಂತೆ ಕಾಯಬೇಕು. ಪಾದವನ್ನು ಚೆನ್ನಾಗಿ ಒರಸಿ, ಪೊವಿಡೋನ್ ಅಯೊಡಿನ್ ದ್ರವವನ್ನು ತಿಳಿಯಾದ ಚಹದ ಬಣ್ಣ ಬರುವಂತೆ ನೀರಿನಲ್ಲಿ ಬೆರೆಸಿ ಹಚ್ಚಬೇಕು. ನೋವು ಮರೆಸುವ ಔಷಧವನ್ನು ಸೇರಿಸಿದ ಮುಲಾಮುಗಳು ಹಕ್ಕಿಗಳಿಗೆ ಅಪಾಯಕರವಾಗಬಹುದಾದುದರಿಂದ ಅವು ಬೇಡ. ಬಳಿಕ ಶುಭ್ರವಾದ ಬಟ್ಟೆಯ ಮೆತ್ತೆಯನ್ನಿಟ್ಟು ಹಗುರವಾಗಿ ಪಟ್ಟಿ ಕಟ್ಟಬೇಕು. ಪಟ್ಟಿಯನ್ನು ದಿನವೂ ಬದಲಿಸಬೇಕು; ಬೆರಳು ಊದಿದರೆ ಅದು ಬಿಗಿಯಾಯಿತೆಂದು ತಿಳಿಯಬೇಕು. ಬಾತನ್ನು ಒಣಗಿದ ಹುಲ್ಲಿನ ಮೇಲೆ ಇರಿಸಬೇಕು. ಈ ಕೆಲಸಕ್ಕೆ ಕೈಚೀಲ ತೊಡುವುದೂ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದೂ ಅವಶ್ಯ. ಈ ಕ್ರಿಮಿಯು ನಮಗೂ ತಗುಲಬಲ್ಲದು.

ಕರಿಯ ಹಕ್ಕಳೆ, ಬಾವು, ಬಿಸಿ, ಕುಂಟು, ಇವುಗಳಲ್ಲಿ ಯಾವುದು ಕಂಡರೂ, ಅಥವಾ ಒಂದು ವಾರದಲ್ಲಿ ಗುಣ ಕಾಣದಿದ್ದರೂ, ಪಶುವೈದ್ಯರ ಬಳಿಗೆ ಹೋಗತಕ್ಕದ್ದು. ಅವರು ಎಕ್ಸ್‌ರೇ ತೆಗೆದು ಎಲುಬನ್ನು ಪರೀಕ್ಷಿಸುವರು. ಅಗತ್ಯವಾದರೆ ಅರಿವಳಿಕೆ ಕೊಟ್ಟು ಕೀವಿನ ಗಡ್ಡೆಯನ್ನು ತೆಗೆಯುವರು. ಅದರಲ್ಲಿರುವ ಕ್ರಿಮಿ ಯಾವುದೆಂದು ಪ್ರಯೋಗಶಾಲೆಯಲ್ಲಿ ತಿಳಿದು, ತಕ್ಕ ಪ್ರತಿಜೀವಕವನ್ನು ವಿಧಿಸುವರು. ಮನೆಯಲ್ಲಿ ಉಳಿದ ನಮ್ಮ ಮಾತ್ರೆಗಳನ್ನು ಅಂದಾಜಿನ ಮೇಲೆ ಕೊಡುವುದು ಸಲ್ಲದು. ಹಾಗೆ ಮಾಡಿದರೆ ರೋಗವು ಉಳಿಯುವುದಲ್ಲದೆ, ಕ್ರಿಮಿಗಳು ಔಷಧಕ್ಕೆ ಮಣಿಯದಂತಾಗುವುವು. ಔಷಧ ನಡೆಯುವಾಗ ಬಾತಿನ ಮೊಟ್ಟೆಯನ್ನು ವೈದ್ಯರ ಅನುಮತಿಯಿಲ್ಲದೆ ತಿನ್ನಬಾರದು.

ಆದರೆ ಚಿಕಿತ್ಸೆಗಿಂತ ಸುಲಭವಾದುದು ನಿವಾರಣೆ. ಸಿಮೆಂಟಿನ ನೆಲವಿದ್ದರೆ ಅದರ ಮೇಲೆ ದಪ್ಪವಾಗಿ ಹುಲ್ಲನ್ನೋ ಮರದ ಹೊಟ್ಟನ್ನೋ ಹಾಸಿ, ಒದ್ದೆಯಾದುದನ್ನು ಆಗಾಗ ತೆಗೆಯಬೇಕು. ನೀರಿನ ತೊಟ್ಟಿಗೆ ಹತ್ತಿ ಇಳಿಯಲು ಜಾರದ ಓರೆಹಲಗೆಯನ್ನು ಇಡಬೇಕು. ತೊಟ್ಟಿಯ ನೀರು ಚೊಕ್ಕಟವಾಗಿರಬೇಕು. ಈಜುವಷ್ಟು ಹೊತ್ತೂ ಪಾದಕ್ಕೆ ಭಾರದಿಂದ ವಿರಾಮ. ಮೇವಿನೊಡನೆ ಸೊಪ್ಪುಗಳನ್ನು ಕೊಚ್ಚಿ ಕೊಡಬೇಕು. ಬ್ರೆಡ್ಡು ಮಂಡಕ್ಕಿಗಳಿಂದ ಬೊಜ್ಜು ಬೆಳೆಯುವುದೇ ಹೊರತು ಪೋಷಣೆಯಾಗದು.

ನಮ್ಮ ಬಾತು ಬದುಕಿತು. ಶಸ್ತ್ರಚಿಕಿತ್ಸೆಯಾಗಿ ಆರು ವಾರಗಳ ಕಾಲ ಪಟ್ಟಿ ಕಟ್ಟಿಸಿಕೊಂಡು, ಕೊನೆಗೆ ತನ್ನ ಜೊತೆಗಾರನ ಹಿಂದೆ ತೊಟ್ಟಿಗೆ ಇಳಿಯಿತು. ಆದರೆ ಎಡಗಾಲಿನ ನಡುಬೆರಳು ಮಡಚದೆ ನಿಂತುಹೋಯಿತು. ಅದು ನಡೆಯುವಾಗಲೆಲ್ಲ ಆ ಬೆರಳು ನಮ್ಮ ಕಣ್ಣಿಗೆ ಬೀಳುತ್ತದೆ. ಮನೆಯ ಸಿಮೆಂಟಿನ ಹಿತ್ತಿಲಿನ ಅರ್ಧ ಭಾಗವನ್ನು ಅಗೆಸಿ ಮಣ್ಣು ತುಂಬಿಸಿದ್ದೇವೆ. ಪ್ರತಿ ಭಾನುವಾರ ಬೆಳಗ್ಗೆ ಮಕ್ಕಳು ಟವಲು ತರುತ್ತಾರೆ. ನಾವು ನಾಲ್ಕು ಅಂಗಾಲುಗಳನ್ನು ನೋಡುತ್ತೇವೆ. ಅದಕ್ಕೆ ಹಿಡಿಯುವ ಕಾಲ ಐದು ನಿಮಿಷ. ತಮ್ಮ ಹಿತ್ತಿಲಿನಲ್ಲಿಯೂ ಬಾತುಗಳಿದ್ದರೆ, ನಾಳೆ ಬೆಳಗ್ಗೆಯೇ ಆ ಐದು ನಿಮಿಷಗಳನ್ನು ಅವುಗಳಿಗೆ ದಯಪಾಲಿಸಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.