ಪ್ರಾಣವಾಯುವೂ ಔಷಧವೇ
(ಗುಂಡ್ಲುಪೇಟೆಯ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನರ್ಸಿಂಗ್ ಹೋಮುಗಳಲ್ಲಿ ಆಗುವ ಔಷಧದ ತಪ್ಪುಗಳನ್ನು ಕುರಿತು ನಾಲ್ಕು ಮಾತನಾಡಿರೆಂದು ನಮ್ಮನ್ನು ಕರೆದಿದ್ದೀರಿ. ಆದರೆ ಈ ಜಿಲ್ಲೆಯ ನೆಲದ ಮೇಲೆ ನಿಂತು, 2021ರ ಮೇ 2ರ ರಾತ್ರಿಯನ್ನು ನೆನೆಯದೆ ಆ ಮಾತನ್ನು ಎತ್ತುವಂತಿಲ್ಲ.

ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿಯೊಳಗೆ 24 ಮಂದಿ ಸತ್ತರು. ಆಮ್ಲಜನಕ ಸಿಗದೆ ಸತ್ತವರು ಮೂವರೇ ಎಂದರು ಆಗಿನ ಆರೋಗ್ಯ ಮಂತ್ರಿಗಳು. ಆ ರಾತ್ರಿ ಹತ್ತೂವರೆಯಿಂದ ಎರಡೂವರೆಯವರೆಗೆ ಆಸ್ಪತ್ರೆಯಲ್ಲಿ ಆಮ್ಲಜನಕವೇ ಇರಲಿಲ್ಲವೆಂದು, ಹೈಕೋರ್ಟಿನ ಆದೇಶದಂತೆ ವಿಚಾರಣೆ ನಡೆಸಿದ ನಿವೃತ್ತ ನ್ಯಾಯಮೂರ್ತಿ ವೇಣುಗೋಪಾಲ ಗೌಡರ ಸಮಿತಿ ಹೇಳಿತು. ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ ಕೊಟ್ಟ ಉತ್ತರವೇನು? ಆಮ್ಲಜನಕದ ಕೊರತೆಯಿಂದ ಸತ್ತರೆಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ! ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಈ ಲೆಕ್ಕವನ್ನು ಯಾರು ಬಿಡಿಸಿ ಹೇಳಬೇಕು?

ಇದು ಔಷಧದ ತಪ್ಪು ಹೇಗೆ ಎಂದು ನೀವು ಕೇಳಬಹುದು. ಕಾನೂನಿನ ಪ್ರಕಾರ ಆಸ್ಪತ್ರೆಯ ಆಮ್ಲಜನಕವೂ ಒಂದು ಔಷಧ. ತಪ್ಪು ಮಾತ್ರೆ ಕೊಡುವುದು ಒಂದು ಬಗೆಯ ತಪ್ಪು. ಕೊಡಬೇಕಾದ ಹೊತ್ತಿಗೆ ಕೊಡದಿರುವುದು ಇನ್ನೊಂದು ಬಗೆ. ನಮ್ಮ ಜಿಲ್ಲೆ ಕಂಡದ್ದು ಎರಡನೆಯದನ್ನು.

ಸಣ್ಣ ತಪ್ಪುಗಳು ಪತ್ರಿಕೆಗೆ ಬರುವುದಿಲ್ಲ. ಸಕ್ಕರೆ ಕಾಯಿಲೆಯ ಇನ್ಸುಲಿನ್ನನ್ನೇ ನೋಡಿ. ಒಂದು ಮಿಲಿಲೀಟರಿಗೆ 40 ಯೂನಿಟ್ಟಿನ ಸೀಸೆಯೂ ಇದೆ, 100 ಯೂನಿಟ್ಟಿನದೂ ಇದೆ. ಒಂದೊಂದಕ್ಕೂ ಸಿರಿಂಜು ಬೇರೆ. 40ರ ಸಿರಿಂಜಿಗೆ 100ರ ಮದ್ದು ಎಳೆದರೆ ರೋಗಿಯ ಮೈಗೆ ಎರಡೂವರೆ ಪಟ್ಟು ಮದ್ದು ಹೋಯಿತು. ಸಕ್ಕರೆ ಇಳಿದು ನಿದ್ದೆಯಲ್ಲೇ ಎಚ್ಚರ ತಪ್ಪುತ್ತದೆ, ಮನೆಯವರು ಮಲಗಿದ್ದಾರೆಂದುಕೊಳ್ಳುತ್ತಾರೆ. ಇಡೀ ವಾರ್ಡಿಗೆ ಒಬ್ಬಳೇ ನರ್ಸು, ಅವಳಿಗೆ ಎರಡು ಪಾಳಿಯ ದುಡಿಮೆ, ಕೈಯಲ್ಲಿ ಓದಲಾಗದ ಚೀಟಿ. ಇಂಥಲ್ಲಿ ತಪ್ಪಾದಾಗ ಆ ಹುಡುಗಿಯೊಬ್ಬಳನ್ನೇ ಹಿಡಿದು ಬೈಯುವುದು ಸುಲಭ. ಅವಳನ್ನು ಕಡಿಮೆ ಸಂಬಳಕ್ಕೆ ಒಂಟಿಯಾಗಿ ನಿಲ್ಲಿಸಿದ ಮಾಲೀಕನನ್ನು ಕೇಳುವವರು ಯಾರು?

ಕೇಳಲಿಕ್ಕೆ ಕಾನೂನಿದೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಪ್ರತಿ ನರ್ಸಿಂಗ್ ಹೋಮೂ ನೋಂದಣಿಯಾಗಬೇಕು. ಜಿಲ್ಲಾಧಿಕಾರಿಗಳೇ ಪ್ರಾಧಿಕಾರದ ಅಧ್ಯಕ್ಷರು. 2017ರಲ್ಲಿ ಅದನ್ನು ಬಿಗಿ ಮಾಡಹೊರಟಾಗ ಖಾಸಗಿ ಡಾಕ್ಟರುಗಳು ಬಾಗಿಲು ಹಾಕಿ ಮುಷ್ಕರ ಹೂಡಿದರು. ಅವರ ಒಂದು ಮಾತು ಮಾತ್ರ ನ್ಯಾಯವಾದದ್ದೇ: ಸರ್ಕಾರಿ ಆಸ್ಪತ್ರೆಗೂ ಇದೇ ಕಾನೂನು ಯಾಕಿಲ್ಲ? ಚಾಮರಾಜನಗರದ್ದು ಸರ್ಕಾರಿ ಆಸ್ಪತ್ರೆ. 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತ ಬಳ್ಳಾರಿಯದೂ ಸರ್ಕಾರಿಯೇ. ಅಲ್ಲಿ ಸಂಶಯ ಬಿದ್ದದ್ದು ನರಕ್ಕೆ ಏರಿಸುವ ಬಾಟಲಿ ದ್ರಾವಣದ ಮೇಲೆ. ಆ ಕಂಪೆನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಕಳಪೆ ಎಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿ ಎಂದಿತ್ತು. ಎರಡು ಪ್ರಯೋಗಾಲಯಗಳ ನಡುವೆ ಬಾಣಂತಿಯ ಮಂಚ. ಸಾವಾದ ಮೇಲೆ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು.

ತಪಾಸಣೆಯೆಂದರೆ ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟನ್ನು ನೋಡಿ ಕಾಫಿ ಕುಡಿದು ಬರುವುದಲ್ಲ. ರಾತ್ರಿ ಹನ್ನೊಂದಕ್ಕೆ ಹೋಗಿ ಎಷ್ಟು ಸಿಲಿಂಡರ್ ತುಂಬಿವೆ, ಮುಂದಿನ ಲಾರಿ ಎಷ್ಟು ಹೊತ್ತಿಗೆ, ನರ್ಸು ಎಷ್ಟು ಮಂದಿ ಎಂದು ಎಣಿಸಬೇಕು. ಇಲ್ಲಿಂದ ಮೈಸೂರು ಅರವತ್ತು ಕಿಲೋಮೀಟರು. ಉಸಿರು ಅಷ್ಟು ಹೊತ್ತು ಕಾಯುವುದಿಲ್ಲ.

ನೀವೂ ಒಂದು ಕೆಲಸ ಮಾಡಬೇಕು. ಆಸ್ಪತ್ರೆ ಬಿಡುವಾಗ ಕೊಟ್ಟ ಮದ್ದಿನ ಹೆಸರು, ಹೊತ್ತು, ಪ್ರಮಾಣಗಳನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ರೋಗಿಯ ದಾಖಲೆಯನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮವೇ ಹೇಳುತ್ತದೆ. ಕೇಳಿ. ಬರೆಯಲು ಬಾರದವರು ನಮ್ಮ ಕಚೇರಿಗೆ ಬನ್ನಿ, ಅರ್ಜಿ ನಾವು ಬರೆದುಕೊಡುತ್ತೇವೆ. ಮೇಷ್ಟರ ಕೆಲಸ ಬಿಟ್ಟಿದ್ದರೂ ಅಕ್ಷರ ಮರೆತಿಲ್ಲ.